ಬತೋಮಾ ಕೋನೆ ಬೈಸಿಕೊಂಡ ಬಗೆ

ಸೇಗು ಊರಿನಲ್ಲಿ ಯಾರೂ ಯಾರ ಅಡುಗೆಯನ್ನೂ ಚೆನ್ನಾಗಿಲ್ಲ ಅನ್ನುವುದಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದಿರಲಿ, ಸಜ್ಜೆಯ ಮುದ್ದೆ ಗಂಟುಗಂಟಾಗಿರಲಿ, ಉಂಡವರು ಕೈ ತೊಳೆದು, "ಹೊಟ್ಟೆ ತುಂಬಿತು ತಾಯಿ, ದೇವರು ನಿನ್ನ ಕೈಗೆ ಬಲ ಕೊಡಲಿ" ಎನ್ನುತ್ತಾರೆ. ಬಡಿಸಿದವಳು "ಆಮೀನ್" ಎನ್ನುತ್ತಾಳೆ. ಮುಂದಿನ ಸಲ ಅವರು ಉಣ್ಣಲು ಬರುವುದಿಲ್ಲ, ಅಷ್ಟೆ. ಯಾಕೆ ಬರಲಿಲ್ಲವೆಂದು ಅವಳಿಗೆ ಸಾಯುವತನಕ ತಿಳಿಯುವುದಿಲ್ಲ.

ಬತೋಮಾ ಕೋನೆಗೆ ಹೀಗೆ ಒಮ್ಮೆ ಆಗಿಹೋಗಿತ್ತು. ಕೆಲವು ವರ್ಷಗಳ ಹಿಂದೆ ಅವಳು ಸುಂಬಲದ ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರಿದ್ದಳು. ಮರದ ಬೀಜವನ್ನು ಬೇಯಿಸಿ ಹುಳಿಸಿ ಮಾಡುವ ಸುಂಬಲವಿಲ್ಲದೆ ಅಲ್ಲಿ ಸಾರು ಸಾರಾಗುವುದಿಲ್ಲ; ಅದರ ನಾತ ಒಂದು ಬೀದಿ ಮೊದಲೇ ಮೂಗಿಗೆ ಹೊಡೆಯುತ್ತದೆ. ಬತೋಮಾ ಆ ನಾತವನ್ನು ಕಳೆದು, ಬಿಸಿಲಿಗೆ ಒಣಗಿಸಿ, ಹಿಟ್ಟಿನಂತೆ ನುಣ್ಣಗೆ ಮಾಡಿದ್ದಳು. ಕೇರಿಯ ಹೆಂಗಸರೆಲ್ಲ ಒಂದೊಂದು ಪೊಟ್ಟಣ ಕೊಂಡು ಬಾಯ್ತುಂಬ ಹರಸಿದರು. ಎರಡನೆಯ ಪೊಟ್ಟಣಕ್ಕೆ ಯಾರೂ ಬರಲಿಲ್ಲ. ಉಳಿದದ್ದನ್ನು ಇರುವೆಗಳು ಹರಸದೆಯೇ ತಿಂದವು.

ಆದ್ದರಿಂದ ಈ ಸಲ ಅವಳು ಹುಷಾರಾಗಿದ್ದಳು.

ಬತೋಮಾಳ ಅಂಗಡಿ ಸೋಮವಾರದ ದೊಡ್ಡ ಸಂತೆ ನೆರೆಯುವ ಬಯಲಿಗೆ ಹೋಗುವ ದಾರಿಯಲ್ಲಿತ್ತು. ಛತ್ರಿಯ ಕೆಳಗೊಂದು ಮೇಜು, ಒಂದು ಕುರ್ಚಿ, ಮೊಬೈಲಿಗೆ ಕರೆನ್ಸಿ ಹಾಕುವ ವ್ಯಾಪಾರ. ಓದಲು ಬಾರದ ಹೆಂಗಸರು ಅವಳ ಹತ್ತಿರ ಕೂತು ಫೋನಿನಲ್ಲಿ ಮಾತು ತುಂಬಿ ದೂರದ ಗಂಡಂದಿರಿಗೆ, ತಂಗಿಯರಿಗೆ ಕಳಿಸುತ್ತಿದ್ದರು. ಅದನ್ನು ನೋಡಿ ನೋಡಿಯೇ ಅವಳಿಗೆ ಯೋಚನೆ ಹೊಳೆದದ್ದು. ದಿನಾ ಬೆಳಿಗ್ಗೆ ಊರಿನ ಸೊಸೆಯರೆಲ್ಲ ತಲೆಯ ಮೇಲೆ ಬುಟ್ಟಿ ಹೊತ್ತು ಸಾರಿನ ಸಾಮಾನಿಗೆ ಮಾರುಕಟ್ಟೆಗೆ ನಡೆಯುತ್ತಾರೆ. ಆ ನಡಿಗೆಯನ್ನು ಉಳಿಸಿದರೆ?

ಅವಳ ಅಣ್ಣನ ಮಗಳು ವಾಸಾ ರಾಜಧಾನಿಯಲ್ಲಿ ಕಂಪ್ಯೂಟರ್ ಓದಿ ಬಂದಿದ್ದಳು. ಸೋದರತ್ತೆ ಹೇಳಿದಳು, ಸೋದರಸೊಸೆ ಕಟ್ಟಿದಳು. ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಇಬ್ಬರೂ ತಲೆ ಕೂಡಿಸಿ ಕೂತದ್ದರ ಫಲ ಒಂದು ಆ್ಯಪ್. ಅದಕ್ಕೆ ಮಾರುಕಟ್ಟೆ ಎಂಬ ಅರ್ಥದ ತಮ್ಮ ಮಾತಿನಲ್ಲೇ 'ಸೂಗು' ಎಂದು ಹೆಸರಿಟ್ಟರು. ಅಕ್ಷರ ಬೇಡ. ಈರುಳ್ಳಿಯ ಚಿತ್ರ ಮುಟ್ಟಿದರೆ 'ಈರುಳ್ಳಿ' ಎಂದು ಅದೇ ಕೂಗಿ ಹೇಳುತ್ತದೆ. ಎಷ್ಟು ಬೇಕೆಂದು ನಾವು ಬಾಯಲ್ಲಿ ಹೇಳಿದರೆ ಸಾಕು. ಒಲೆ ಹತ್ತಿಸುವ ಹೊತ್ತಿಗೆ ಮೂರು ಚಕ್ರದ ಗಾಡಿಯಲ್ಲಿ ಬುಟ್ಟಿ ಬಾಗಿಲಿಗೆ ಬಂದಿರುತ್ತದೆ.

ಪರೀಕ್ಷೆಗೆಂದು ಕೇರಿಯ ಕೆಲವು ಮನೆಗಳಿಗೆ ಅದನ್ನು ಕೊಟ್ಟರು. ವಾಸಾ ಮನೆಮನೆಗೆ ಹೋಗಿ ಕೇಳಿದಳು.

"ಚಿಕ್ಕಮ್ಮ, ಇದರಲ್ಲಿ ಏನು ಸರಿ ಇಲ್ಲ ಹೇಳಿ."

"ಸರಿ ಇಲ್ಲದೆ ಇರೋದಾ? ಅಯ್ಯೋ, ಏನ್ ಮಾತು ಅಂತ ಆಡ್ತೀಯ! ನಿನ್ನ ಕೈಗೆ ದೇವರು ಬಲ ಕೊಡಲಿ."

"ಆಮೀನ್. ಆದ್ರೂ, ಏನಾದ್ರೂ ಬದಲಾಯಿಸಬೇಕು ಅಂದ್ರೆ?"

"ಬದಲಾಯಿಸೋದು ಯಾಕೆ? ಬಣ್ಣ ಎಷ್ಟು ಚೆಂದ ಇದೆ!"

ಎಲ್ಲ ಮನೆಯಲ್ಲೂ ಇದೇ. ವಾಸಾ ಕುಣಿಯುತ್ತ ಬಂದಳು. "ಅತ್ತೆ, ಒಬ್ಬರೂ ಒಂದು ತಪ್ಪೂ ಹೇಳಲಿಲ್ಲ!"

ಬತೋಮಾಳಿಗೆ ಇರುವೆ ತಿಂದ ಪೊಟ್ಟಣಗಳು ನೆನಪಾದವು. ಸುಂಬಲದ ಪೊಟ್ಟಣಕ್ಕೂ ಯಾರೂ ತಪ್ಪು ಹೇಳಿರಲಿಲ್ಲ. ಆದರೆ ದಿನ ಗೊತ್ತಾಗಿತ್ತು. ಬರುವ ಸೋಮವಾರ ಸಂತೆಯ ದಿನ, ಮಹಿಳಾ ಸಂಘದ ಚಪ್ಪರದಲ್ಲಿ ಸೂಗುವನ್ನು ಊರಿಗೆ ಬಿಡುವುದೆಂದು ರೇಡಿಯೋದವರು ಎರಡು ಸಲ ಸಾರಿದ್ದರು. ಕೋನೆ ಮನೆತನವನ್ನು ಏಳು ತಲೆಮಾರಿನಿಂದ ಎತ್ತಿ ಹಾಡಲು ಹೊಗಳುಗಾರ್ತಿಯನ್ನೂ ಗೊತ್ತುಮಾಡಿಯಾಗಿತ್ತು. ಇದೂ ಮಣ್ಣುಗೂಡಿದರೆ ಮತ್ತೆ ಹೊಸದೇನನ್ನೂ ಕೇರಿಯ ಹೆಂಗಸರ ಮುಂದೆ ಹಿಡಿಯಲು ತನಗೆ ಮುಖವಿರುವುದಿಲ್ಲ ಎಂದು ಬತೋಮಾಳಿಗೆ ಗೊತ್ತಿತ್ತು.

ಊರಿನಲ್ಲಿ ಅವಳನ್ನು ಹರಸದೆ ಇದ್ದವಳು ಒಬ್ಬಳೇ, ಒಣಮೀನು ಮಾರುವ ಸಾರಾನ್ ತ್ರಾವೊರೆ. ಅದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಕೋನೆಗಳಿಗೂ ತ್ರಾವೊರೆಗಳಿಗೂ ಅಜ್ಜ ಮುತ್ತಜ್ಜರ ಕಾಲದಿಂದ ಗೇಲಿಯ ನಂಟು. ಹೆಂಗಸರು ಮದುವೆಯಾದ ಮೇಲೂ ತಂದೆಯ ಮನೆತನದ ಹೆಸರನ್ನೇ ಹೊರುವುದರಿಂದ ಈ ನಂಟು ಗಂಡನ ಮನೆಗೆ ಹೋದರೂ ಬಿಡುವುದಿಲ್ಲ. ಎದುರಾದರೆ ಬೈಯಲೇಬೇಕು. ಬೈಸಿಕೊಂಡವರು ಸಿಟ್ಟಾಗಕೂಡದು, ತಿರುಗಿ ಬೈಯಬೇಕು. ಎಲ್ಲಕ್ಕಿಂತ ದೊಡ್ಡ ಬೈಗುಳ ಅಲಸಂದೆಯದು. ಅಲಸಂದೆ ತಿಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಲ್ಲ.

"ಬಂದಳು ನೋಡ್ರೇ ಅಲಸಂದೆಬಾಕಿ! ಗಾಳಿ ಆ ಕಡೆಯಿಂದ ಬೀಸ್ತಿದೆ, ಮೂಗು ಮುಚ್ಕೊಳ್ಳಿ!" ಎಂದು ಸಾರಾನ್ ಅವತ್ತೂ ದೂರದಿಂದಲೇ ಶುರುಮಾಡಿದಳು.

"ನಾವು ಉಗಿದಿದ್ದನ್ನೇ ತಾನೇ ನೀವು ತ್ರಾವೊರೆಗಳು ತಿನ್ನೋದು," ಎಂದಳು ಬತೋಮಾ. "ನನ್ನ ಸೂಗು ನೋಡಿದೆಯೇನೇ, ಮೀನಿನ ಮುಳ್ಳೇ?"

"ನೋಡಿದೆ. ಜೈಲು ಕಟ್ಟಿದೀಯ, ಚೆನ್ನಾಗಿ ಕಟ್ಟಿದೀಯ. ಸೊಸೆಯಂದಿರನ್ನ ಒಳಗೆ ಹಾಕಿ, ಊಟಾನೂ ಗಾಡೀಲಿ ಕಳಿಸ್ತೀಯ. ಬಾಗಿಲಿಗೆ ಬೀಗ ಒಂದು ಕಮ್ಮಿ. ಅದನ್ನೂ ಆ ನಿನ್ನ ಡಬ್ಬಿಗೆ ಸೇರಿಸಿಬಿಡು!"

ಸುತ್ತ ಕೂತ ಹೆಂಗಸರು ಬಿದ್ದು ಬಿದ್ದು ನಕ್ಕರು. ಬತೋಮಾಳೂ ನಕ್ಕಳು. ಗೇಲಿಯ ನಂಟರು ಆಡಿದ್ದನ್ನು ಯಾರಾದರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಯೇ? ಅವಳು ಒಂದು ಒಣಮೀನನ್ನು ಕೇಳದೆಯೇ ಎತ್ತಿಕೊಂಡು, "ಇದು ನಿನ್ನ ನಾಲಗೆಗೆ ದಂಡ" ಎಂದು ನಡೆದಳು.

ಆ ನಗು ಎರಡು ದಿನ ಉಳಿಯಿತು.

ಶುಕ್ರವಾರ ಮಧ್ಯಾಹ್ನಕ್ಕೆ ಮೊದಲೇ ಬತೋಮಾ ಅಂಗಡಿ ಮುಚ್ಚಿ ಮನೆಗೆ ಬಂದಳು. ಸೋಮವಾರದ ಚಪ್ಪರದಲ್ಲಿ ತೂಗುಹಾಕಲು ಒಂದು ಫೋಟೋ ಬೇಕಿತ್ತು: ಬಾಗಿಲಲ್ಲಿ ನಗುತ್ತ ಬುಟ್ಟಿ ಇಸಿದುಕೊಳ್ಳುವ ಸೊಸೆ. ಅದಕ್ಕೆ ತನ್ನ ವಾರಗಿತ್ತಿ ಫೂನೆಗಿಂತ ಲಕ್ಷಣವಾದವಳು ಯಾರು? ಮನೆಯ ಮೂವರು ಸೊಸೆಯರಲ್ಲಿ ಅವಳೇ ಕಿರಿಯಳು, ಸೂಗುವನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವಳೂ ಅವಳೇ. "ಅಕ್ಕ, ಕಾಲುನೋವೇ ಹೋಯ್ತು" ಎಂದಿದ್ದಳು.

ಅಂಗಡಿ ಇಟ್ಟ ಮೇಲೆ ಬತೋಮಾ ಹಗಲಿನಲ್ಲಿ ಮನೆಯ ಅಂಗಳವನ್ನು ಕಂಡದ್ದೇ ಕಡಿಮೆ. ಬುಟ್ಟಿ ಬಂದು ಬಾಗಿಲಲ್ಲಿ ಕೂತಿತ್ತು, ಅದನ್ನು ಇಸಿದುಕೊಳ್ಳಲು ನಗುವ ಸೊಸೆ ಇರಲಿಲ್ಲ. ಫೂನೆ ಒರಳಿನ ಮುಂದೆ ನಿಂತು ಸಜ್ಜೆ ಕುಟ್ಟುತ್ತಿದ್ದಳು. ಒನಕೆ ಎತ್ತಿದಾಗ ಅಂಗೈಯ ಬೊಬ್ಬೆ ಕಾಣುತ್ತಿತ್ತು. ಪಕ್ಕದಲ್ಲಿ ಬಟ್ಟೆಯ ಗುಡ್ಡೆ. ಅದರ ಮೇಲೆಯೇ ಬತೋಮಾಳ ನೀಲಿ ಅಂಗಿ, ಸಂಘದ ಸಭೆಗೆ ತೊಟ್ಟದ್ದು.

"ಸಜ್ಜೆ ಗಿರಣಿಗೆ ಹೋಗ್ಲಿಲ್ವಾ?" ಎಂದಳು ಬತೋಮಾ.

ಬೇವಿನ ಮರದ ನೆರಳಲ್ಲಿ ಕೂತಿದ್ದ ಅತ್ತೆ ತೆನಿಂಬಾ ಖುಷಿಯಿಂದ ಹೇಳಿದಳು, "ಗಿರಣಿ ಯಾಕಮ್ಮ? ನಿನ್ನ ಡಬ್ಬಿ ಬಂದ್ಮೇಲೆ ಇವಳಿಗೆ ಬೆಳಿಗ್ಗೆ ಎಲ್ಲ ಬಿಡುವೇ ಬಿಡುವು. ಕುಟ್ಟಿದ ಹಿಟ್ಟಿನ ರುಚಿ ಗಿರಣಿಗೆ ಎಲ್ಲಿ ಬರುತ್ತೆ? ದೇವರು ನಿನಗೆ ದೊಡ್ಡ ಆಯುಸ್ಸು ಕೊಡಲಿ."

"ಆಮೀನ್" ಎನ್ನಲು ಬತೋಮಾಳಿಗೆ ನಾಲಗೆ ಏಳಲಿಲ್ಲ.

ಅವಳು ಒರಳಿನ ಇನ್ನೊಂದು ಬದಿಗೆ ಹೋಗಿ ಗೋಡೆಗೆ ಒರಗಿಸಿದ್ದ ಎರಡನೆಯ ಒನಕೆ ಎತ್ತಿಕೊಂಡಳು. ಇಬ್ಬರೂ ಸರದಿಯ ಮೇಲೆ ಕುಟ್ಟತೊಡಗಿದರು. ಒನಕೆಯ ಸದ್ದಿನ ಮರೆಯಲ್ಲಿ ಆಡಿದ ಮಾತು ನೆರಳಿನತನಕ ಹೋಗುವುದಿಲ್ಲ. ಅದು ಎಲ್ಲ ಸೊಸೆಯರಿಗೂ ಗೊತ್ತು.

"ನಿನ್ನ ಅವಳಿ ಅಕ್ಕ ಹೇಗಿದಾಳೆ?" ಎಂದು ಬತೋಮಾ ಕೇಳಿದಳು. ಫೂನೆಯ ಅಕ್ಕನನ್ನು ಊರಿನ ಇನ್ನೊಂದು ತುದಿಗೆ ಕೊಟ್ಟಿದ್ದರು.

"ಇದಾಳೆ." ಒನಕೆ ಬಿತ್ತು. "ಮೊದಲು ದಿನಾ ಸಾರಾನ್ ಅಂಗಡೀಲಿ ಸಿಗ್ತಿದ್ಲು. ಈಗ ಫೋನಲ್ಲಿ ಮಾತು ಕಳಿಸ್ತಾಳೆ. ನೀರುಮನೆಗೆ ಹೋದಾಗ ಕೇಳಿಸ್ಕೋತೀನಿ."

"ಮತ್ತೆ ನನ್ನ ಹತ್ರ ಚೆನ್ನಾಗಿದೆ ಅಂದೆ?"

"ನೀನು ಅಕ್ಕ," ಎಂದಳು ಫೂನೆ, ಅದಕ್ಕಿಂತ ಹೆಚ್ಚಿನ ವಿವರ ಬೇಕೇ ಎಂಬಂತೆ. "ಅಷ್ಟು ಕಷ್ಟಪಟ್ಟು ಮಾಡಿದೀಯ. ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಅನ್ನಲಿ?"

ಬತೋಮಾ ಕುಟ್ಟುತ್ತಲೇ ಇದ್ದಳು. ಮನೆಯಲ್ಲಿ ಉಳಿದ ಹೊತ್ತು ಉಳಿಸಿದವಳದಾಗುವುದಿಲ್ಲ, ಮನೆಯದಾಗುತ್ತದೆ. ಗಂಡಸಿಗೆ ಬಿಡುವು ಸಿಕ್ಕರೆ ಅವನು ಚಹಾ ಕಾಯಿಸಿಕೊಂಡು ಗೆಳೆಯರ ಜೊತೆ ಕೂರುತ್ತಾನೆ. ಸೊಸೆಗೆ ಬಿಡುವು ಸಿಕ್ಕರೆ ಅದಕ್ಕೊಂದು ಒನಕೆ ಕಾದಿರುತ್ತದೆ. ಇಷ್ಟು ತಿಳಿಯಲು ಅವಳೇನು ಓದಬೇಕಿರಲಿಲ್ಲ, ಇದೇ ಅಂಗಳದಲ್ಲಿ ಇಪ್ಪತ್ತು ವರ್ಷ ಕುಟ್ಟಿದ್ದಳು. ಅಂಗಡಿಗೆ ಕೂತ ಮೇಲೆ ಮರೆತಿದ್ದಳು. ಮರೆಯಲು ಸಾಧ್ಯವಾದದ್ದು ಹೇಗೆ ಎಂಬುದೂ ಅವಳಿಗೆ ಈಗ ಕಂಡಿತು. ಅವಳ ಅಡುಗೆಯ ಸರದಿಯನ್ನು ಫೂನೆಯ ಸರದಿ ಸದ್ದಿಲ್ಲದೆ ನುಂಗಿಕೊಂಡಿತ್ತು. ಸೂಗುವನ್ನು ಕಟ್ಟಿದ ಎರಡು ಜೊತೆ ಕೈಗಳಷ್ಟೇ ಅವಳ ಲೆಕ್ಕದಲ್ಲಿದ್ದವು. ಮೂರನೆಯ ಜೊತೆ ಒರಳಿನ ಮುಂದಿತ್ತು.

'ಜೈಲು ಕಟ್ಟಿದೀಯ.' ಸಾರಾನ್ ಹೇಳಿದ್ದಳು. ಅವಳು ನಕ್ಕಿದ್ದಳು.

ಫೋಟೋ ತೆಗೆಯಲಿಲ್ಲ. ಹಿಟ್ಟು ಸೋಸಿಟ್ಟು, ತನ್ನ ಅಂಗಿಯನ್ನು ಬಟ್ಟೆಯ ಗುಡ್ಡೆಯಿಂದ ಎಳೆದುಕೊಂಡು, ಬತೋಮಾ ನೆಟ್ಟಗೆ ಮೀನಿನ ಸಾಲಿಗೆ ನಡೆದಳು.

"ಅಯ್ಯೋ, ಮತ್ತೆ ಬಂತಲ್ಲ ಅಲಸಂದೆ ಚೀಲ!" ಎಂದು ಸಾರಾನ್ ಕೂಗಿದಳು.

ಬತೋಮಾ ತಿರುಗಿ ಬೈಯಲಿಲ್ಲ. ಮೀನಿನ ಬುಟ್ಟಿ ಸರಿಸಿ ಚಾಪೆಯ ತುದಿಯಲ್ಲಿ ಕೂತಳು.

ಸಾರಾನ್ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಗೇಲಿಗೆ ಗೇಲಿ ಬಾರದೆ ಹೋಗುವುದೆಂದರೆ ಬಾವಿಗೆ ಹಾಕಿದ ಕಲ್ಲಿನ ಸದ್ದೇ ಬಾರದ ಹಾಗೆ. ಅವಳು ದನಿ ಇಳಿಸಿದಳು. "ಏನೇ? ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ. ಸಾರಾನ್, ಮೊನ್ನೆ ನೀನು ಜೈಲು ಅಂದ್ಯಲ್ಲ, ಅದು ಗೇಲಿನಾ, ನಿಜಾನಾ?"

"ನಿನಗೆ ನಾನು ಸುಳ್ಳು ಯಾವಾಗ ಬೈದಿದೀನಿ?"

"ಗೇಲಿ ಅಂದ್ಕೊಂಡೆ."

"ನಾನೇನು ಮಾಡ್ಲಿ? ನೀನು ಯಾವಾಗ್ಲೂ ನಗ್ತೀಯ. ಸುಂಬಲದ ಪುಡಿ ಮಾಡ್ದಾಗ್ಲೂ ಅಂದೆ, ನೆನಪಿಲ್ವಾ? ನಾತ ಇಲ್ಲದ ಸುಂಬಲ, ಜಗಳ ಇಲ್ಲದ ತ್ರಾವೊರೆ, ಎರಡನ್ನೂ ಯಾರೂ ನಂಬಲ್ಲ ಅಂತ. ಹಲ್ಲು ಬಿಟ್ಕೊಂಡು ಹೋದೆ."

ಬತೋಮಾಳಿಗೆ ನೆನಪಾಯಿತು. ಇಷ್ಟು ವರ್ಷ ತಿಳಿಯದೆ ಉಳಿದದ್ದನ್ನು ಇವಳು ಅವತ್ತೇ ಹತ್ತು ಜನರ ಮುಂದೆ ಕೂಗಿ ಹೇಳಿದ್ದಳು. ಊರಿನಲ್ಲಿ ನಿಜ ಹೇಳಲು ಅಪ್ಪಣೆ ಇರುವುದು ಯಾರ ಮಾತನ್ನು ಯಾರೂ ನಿಜವೆಂದುಕೊಳ್ಳುವುದಿಲ್ಲವೋ ಅವರಿಗೆ ಮಾತ್ರ. ಬತೋಮಾ ಮೊದಲು ಸಣ್ಣಗೆ ನಕ್ಕಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಎದ್ದೇಳೇ," ಎಂದಳು. "ನಿನ್ನ ಮನೆತನದಲ್ಲಿ ಬಾಯಿ ಇರೋ ಹೆಂಗಸರು ಎಷ್ಟು ಜನ ಇದಾರೆ?"

"ಬಾಯಿ ಇಲ್ಲದೋರು ಎಷ್ಟು ಜನ ಅಂತ ಕೇಳು, ಬೇಗ ಹೇಳ್ತೀನಿ."

"ಎಲ್ಲರನ್ನೂ ನಾಳೆ ನಿನ್ನ ಅಂಗಳಕ್ಕೆ ಕರಿ. ಸೂಗು ತರ್ತೀನಿ. ಬೈಯಬೇಕು. ಹರಸಿದೋರಿಗೆ ಊಟ ಇಲ್ಲ."

ಮಾರನೆಯ ಬೆಳಿಗ್ಗೆ ಸಾರಾನ್ ಅಂಗಳದಲ್ಲಿ ತ್ರಾವೊರೆ ಹೆಂಗಸರು ನೆರೆದರು. ಬತೋಮಾ ದೊಡ್ಡ ಪಾತ್ರೆಯಲ್ಲಿ ಅಲಸಂದೆ ಬೇಯಿಸಿ ತಂದಿದ್ದಳು. ಅದನ್ನು ನೋಡಿಯೇ ಅರ್ಧ ಗಂಟೆ ಗಲಾಟೆ. "ಅವಳೇ ತಂದಳು, ಒಪ್ಕೊಂಡಳು!" ಎಂದು ಚಪ್ಪಾಳೆ ತಟ್ಟಿದರು. ವಾಸಾ ಪಾಪ, ಶುಭ್ರವಾದ ಬಟ್ಟೆ ಉಟ್ಟು, ಫೋನುಗಳನ್ನು ಹಂಚಿ, ಮೆಲ್ಲಗೆ ಕೇಳಿದಳು, "ಏನನ್ನಿಸುತ್ತೆ?"

"ಇದೇನು, ಈರುಳ್ಳಿನಾ? ನಮ್ಮ ಮಾವನ ಬೋಳುತಲೆ ಹಾಗಿದೆ!"

"ಈ ಟೊಮೆಟೊ ಯಾವ ಸ್ವರ್ಗದಲ್ಲಿ ಬೆಳೆದಿದ್ದು? ಕೋನೆಗಳು ಕನಸಲ್ಲಿ ಕಂಡಿದ್ದಾ?"

"ಯಾರೇ ಇದು ಒಳಗೆ ಮಾತಾಡ್ತಿರೋಳು? ಸಾವಿಗೆ ಕರೀತಾಳೋ, ಮದುವೆಗೆ ಕರೀತಾಳೋ?"

ಅದು ವಾಸಾಳ ದನಿ. ಅವಳ ಮುಖ ಕೆಂಡವಾಯಿತು. ಬತೋಮಾ ಅವಳ ಮೊಣಕಾಲು ಒತ್ತಿ, "ಸುಮ್ನೆ ಕೇಳಿಸ್ಕೋ. ಬೈಗುಳ ಅಲ್ಲ, ಬಂಗಾರ" ಎಂದಳು.

ನಗು ಸ್ವಲ್ಪ ಇಳಿದ ಮೇಲೆ ಮಾತಿಗೆ ಹರಿತ ಬಂತು. ಬೆಂಡೆಯ ಲೋಳೆ ಹತ್ತಿದ ಬೆರಳಿಗೆ ಈ ಗಾಜು ಓಗೊಡುವುದಿಲ್ಲ, ಅಡುಗೆಮನೆಯಲ್ಲಿ ಒಣಗಿದ ಬೆರಳು ಯಾರಿಗಿದೆ ಎಂದು ಒಬ್ಬಳು ಕೈಯನ್ನೇ ಚಾಚಿ ತೋರಿಸಿದಳು. ಇನ್ನೊಬ್ಬಳು ಎದ್ದು ನಿಂತು ಅಭಿನಯಿಸಿಯೇ ಬಿಟ್ಟಳು: "ನಾನು ಕದ್ದು ನನ್ನ ಮಗೂಗೆ ಒಂದು ತುಂಡು ಮಾಂಸ ತರಿಸ್ಬೇಕು. ಇದು 'ಮಾಂ...ಸ!' ಅಂತ ಕೂಗುತ್ತೆ. ಸವತಿ ಬಂದಳು, ಅತ್ತೆ ಬಂದಳು, ಬೆಕ್ಕೂ ಬಂತು!" ಮೂಲೆಯಲ್ಲಿ ಕೂತಿದ್ದ ಬಸುರಿಯೊಬ್ಬಳು, "ಬೆಳಿಗ್ಗೆ ಫೋನು ಗಂಡನ ಜೇಬಲ್ಲಿ ಹೊರಗೆ ಹೋಗುತ್ತೆ. ಆಮೇಲೆ ಯಾವ ಚಿತ್ರ ಮುಟ್ಲಿ? ಗೋಡೆನಾ?" ಎಂದಳು.

ವಾಸಾ ಈಗ ಕೆಂಪಾಗುವುದನ್ನು ಬಿಟ್ಟು ಮುಂದಕ್ಕೆ ಬಾಗಿ ಕೂತಿದ್ದಳು.

ಕೊನೆಗೆ ಸಾರಾನ್ ಎದ್ದಳು. "ನೀವೆಲ್ಲ ಬಾಗಿಲಿನ ಬಣ್ಣ ಬೈತಿದೀರ. ನಾನು ಮನೇನೇ ಬೈತೀನಿ. ಬತೋಮಾ, ನನ್ನ ಅಂಗಡಿ ಹತ್ರ ದಿನಾ ಎಷ್ಟು ಸೊಸೆಯಂದಿರು ಬರ್ತಾರೆ. ಮೀನು ಕೊಳ್ಳೋಕೆ ಚಿಟಿಕೆ ಹೊತ್ತು. ಉಳಿದಿದ್ದು? ಅಳ್ತಾರೆ, ನಗ್ತಾರೆ, ಒಬ್ಬರ ತಲೆ ಒಬ್ಬರು ಹೆಣೀತಾರೆ. ಮನೆಯವರ ಕಣ್ಣಿಗೆ ಬುಟ್ಟಿ ಕಾಣುತ್ತೆ, ಅದಕ್ಕೇ ಬಿಡ್ತಾರೆ. ನೀನು ಆ ಬುಟ್ಟೀನೇ ಕಿತ್ಕೊಂಡೆ. ಕಾಲು ನೋಯಲ್ಲ ಕಣೆ ನಮಗೆ ಮಾರುಕಟ್ಟೆಗೆ ನಡೆದ್ರೆ. ರಟ್ಟೆ ನೋಯುತ್ತೆ, ಕುಟ್ಟಿ ಕುಟ್ಟಿ."

ಈ ಸಲ ಬತೋಮಾ ನಗಲಿಲ್ಲ.

"ಹಾಗಾದ್ರೆ ಕುಟ್ಟೋದನ್ನ ತಗೋತೀನಿ, ಬುಟ್ಟಿ ವಾಪಸ್ ಕೊಡ್ತೀನಿ," ಎಂದಳು.

ದಾರಿಯಲ್ಲಿ ವಾಸಾ ಅಳುಮುಖ ಮಾಡಿದಳು. "ಅತ್ತೆ, ಬೇರೆಯದೆಲ್ಲ ಸರಿ ಮಾಡ್ಬಹುದು. ಇದು ಬುಡಾನೇ ಬದಲಾಯಿಸಬೇಕು. ನಾಡಿದ್ದೇ ಸೋಮವಾರ. ರೇಡಿಯೋದವರು, ಹೊಗಳುಗಾರ್ತಿ, ಎಲ್ಲರಿಗೂ ಏನು ಹೇಳ್ತೀಯ?"

"ಹೊಗಳೋರಿಗೆ ನಮ್ಮೂರಲ್ಲಿ ಬರ ಇಲ್ಲ, ಮಗಳೆ. ಯಾವಾಗ ಕರೆದ್ರೂ ಬರ್ತಾರೆ."

ಸೋಮವಾರ ಬತೋಮಾ ಆ ನೀಲಿ ಅಂಗಿಯನ್ನು ತಾನೇ ಒಗೆದು ತೊಟ್ಟು ಚಪ್ಪರಕ್ಕೆ ಹೋದಳು. ಎಲ್ಲರೂ ನೆರೆದಿದ್ದರು. ಅವಳು ಎದ್ದು ನಿಂತು, "ಸೂಗು ಇನ್ನೂ ಬೆಂದಿಲ್ಲ. ಅರೆಬೆಂದದ್ದನ್ನ ನಾನು ಬಡಿಸಲ್ಲ" ಎಂದಳು. ಗುಂಪಿನಲ್ಲಿ ಪಿಸುಮಾತು ಓಡಿತು. ಸಂಘದ ಅಧ್ಯಕ್ಷೆ, "ದೇವರು ಸುಲಭ ಮಾಡಲಿ" ಎಂದು ಮುಖ ತಿರುಗಿಸಿದಳು. ಬತೋಮಾ ತಲೆ ತಗ್ಗಿಸಲಿಲ್ಲ. ಆ ಊರಿನಲ್ಲಿ ತನ್ನ ಅಡುಗೆಯನ್ನು ತಾನೇ ಚೆನ್ನಾಗಿಲ್ಲ ಅಂದವಳು ಬಹುಶಃ ಅವಳೇ ಮೊದಲು.

ಮನೆಯಲ್ಲಿ ತನ್ನ ಅಡುಗೆಯ ಸರದಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಸರದಿಯ ದಿನ ಅಂಗಡಿ ಮುಚ್ಚಿರುತ್ತಿತ್ತು. ಅದರ ನಷ್ಟದ ಬಗ್ಗೆ ಗಂಡ ಗೊಣಗಿದಾಗ, "ಹಾಗಾದ್ರೆ ಒನಕೆ ನೀನು ಹಿಡಿ" ಎಂದಳು. ಅವನು ಚಹಾ ಕುಡಿಯಲು ಎದ್ದುಹೋದ.

ಬೇಸಿಗೆ ಬರುವಷ್ಟರಲ್ಲಿ ಸೂಗು ಬೇರೆಯೇ ಆಗಿತ್ತು. ಹಿಂದಿನ ಸಂಜೆ, ಫೋನು ಮನೆಯಲ್ಲಿದ್ದಾಗ, ಬಾಯಲ್ಲಿ ಹೇಳಿದರೆ ಸಾಕು. ಅದು ತಿರುಗಿ ಕೂಗುವುದಿಲ್ಲ, ಕಿವಿಗೆ ಹಿಡಿದರೆ ಪಿಸುಗುಡುತ್ತದೆ. ಪಿಸುಗುಡುವ ದನಿ ಸಾರಾನಳದು. ಮಾರುಕಟ್ಟೆಯ ಹಿಂದೆ ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ ಯಂತ್ರಗಳು ಬೆಳಗಾಗುವ ಮೊದಲೇ ಸಜ್ಜೆ ಬೀಸಿ, ಮೆಣಸಿನಕಾಯಿ ಅರೆದು, ಸುಂಬಲವನ್ನು ನಾತಸಮೇತ ಕುಟ್ಟಿ ಇಟ್ಟಿರುತ್ತವೆ. ಹೆಸರಿಗೊಂದು ಬುಟ್ಟಿ, ಮೀನಿನ ಸಾಲಿನ ನೆರಳಲ್ಲಿ. ಮನೆಗೆ ಗಾಡಿ ಬರುವುದಿಲ್ಲ. ಬುಟ್ಟಿ ತರಲು ಸೊಸೆ ಹೋಗಲೇಬೇಕು.

ಒಂದು ಬೆಳಿಗ್ಗೆ ತೆನಿಂಬಾ ಸಾರಿಗೆ ಬಿದ್ದ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. "ಇದು ನಮ್ಮ ಒರಳಿನದಲ್ಲ."

"ಅಲ್ಲ ಅವ್ವ," ಎಂದಳು ಬತೋಮಾ.

"ಕುಟ್ಟೋ ಹೊತ್ತು ಉಳೀತಲ್ಲ, ಮತ್ತೆ ಈ ಫೂನೆ ಮಾರುಕಟ್ಟೆಯಿಂದ ಬರೋದು ಮೊದಲಿನಷ್ಟೇ ತಡ ಯಾಕೆ?"

ಬತೋಮಾ ಒಲೆಗೆ ಸೌದೆ ಒಡ್ಡಿದಳು. ಮುದುಕಿ ಬೆರಳನ್ನು ನೆಕ್ಕಿ, ಮರದ ಕಡೆ ನೋಡುತ್ತ ಹೇಳಿದಳು, "ನಾನು ಸೊಸೆಯಾಗಿದ್ದಾಗ ನದಿಗೆ ಪಾತ್ರೆ ತೊಳೆಯೋಕೆ ಹೋಗ್ತಿದ್ದೆ. ಮಧ್ಯಾಹ್ನ ಆದ್ರೂ ತೊಳೆದು ಮುಗೀತಿರಲಿಲ್ಲ. ಪಾತ್ರೆ ಇದ್ದಿದ್ದು ನಾಲ್ಕು." ಆಮೇಲೆ ಅವಳು ಆ ಮಾತೆತ್ತಲಿಲ್ಲ.

ಈ ಸಲ ಚಪ್ಪರ ಹಾಕಲಿಲ್ಲ, ರೇಡಿಯೋದವರನ್ನು ಕರೆಯಲಿಲ್ಲ. ಸೂಗು ತಾನಾಗಿ ಕೇರಿಯಿಂದ ಕೇರಿಗೆ ನಡೆಯಿತು. ಒಂದು ದಿನ ಬಂದವರು ಮಾರನೆಯ ದಿನ ಮತ್ತೆ ಬಂದರು, ಅವರ ಅಕ್ಕತಂಗಿಯರನ್ನೂ ಕರೆತಂದರು.

ಮಾವಿನಕಾಯಿಯ ಕಾಲದ ಒಂದು ಬೆಳಿಗ್ಗೆ ಬತೋಮಾ ಮೀನಿನ ಸಾಲಿಗೆ ಹೋದಾಗ ಕಾಲಿಡಲು ಜಾಗವಿರಲಿಲ್ಲ. ತುಂಬಿದ ಬುಟ್ಟಿಗಳು ಸಾಲಾಗಿ ನೆರಳಲ್ಲಿ ಕಾಯುತ್ತಿದ್ದವು; ಅವುಗಳ ಒಡತಿಯರು ಕಾಲು ಚಾಚಿ ಕೂತು ಶುಂಠಿ ಪಾನಕ ಕುಡಿಯುತ್ತಿದ್ದರು. ಫೂನೆ ಅವಳಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಹಾಡಹಗಲಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದಳು. ಅಕ್ಕ ಅವಳ ಕೂದಲು ಹೆಣೆಯುತ್ತಿದ್ದಳು. ಅರ್ಧ ತಲೆ ಮುಗಿದಿತ್ತು, ಅರ್ಧ ಇನ್ನೂ ಕೆದರಿತ್ತು. ಅಂಗೈಯ ಬೊಬ್ಬೆ ಒಣಗಿ ಬೆಳ್ಳಗಾಗಿತ್ತು.

"ಬಾರೇ ಅಲಸಂದೆಬಾಕಿ!" ಸಾರಾನ್ ಬೀಸಣಿಗೆ ಎತ್ತಿ ಕೂಗಿದಳು. "ನಿನ್ನ ಡಬ್ಬಿಯಿಂದ ಊರಿನ ಸೋಮಾರಿಗಳೆಲ್ಲ ನನ್ನ ನೆರಳಿಗೆ ಬಂದು ಬಿದ್ದಿದಾರೆ. ನನ್ನ ಮೀನು ಎಲ್ಲಿ ಹರಡ್ಲಿ, ನಿನ್ನ ತಲೆ ಮೇಲಾ?"

ಬತೋಮಾ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ತುಂಬ ನೋಡಿದಳು. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾವ ಹೊಗಳುಗಾರ್ತಿಯೂ ಏಳು ತಲೆಮಾರಿನಿಂದ ಹುಡುಕಿ ತರಲಾರಳು.

"ಮೆಲ್ಲಗೆ ಕಿರುಚೇ, ಮೀನಿನ ಮುಳ್ಳೇ," ಎಂದಳು. "ಹುಡುಗಿ ಮಲಗಿದಾಳೆ."